ಸೇರಿದವರು, ಸೇರಿಸಿಕೊಂಡವರು

2021ರ ಅಕ್ಟೋಬರ್ 3ರಂದು ಜರ್ಮನಿಯ ಏಕತಾ ದಿನದ ಸರ್ಕಾರಿ ಸಮಾರಂಭ ದೇಶದ ಪೂರ್ವ ಭಾಗದ ಹಾಲೆ ನಗರದಲ್ಲಿ ನಡೆಯಿತು. ಹದಿನಾರು ವರ್ಷ ಚಾನ್ಸಲರ್ ಆಗಿದ್ದು, ಇನ್ನೇನು ಅಧಿಕಾರ ಬಿಡಲಿದ್ದ ಅಂಗೆಲಾ ಮರ್ಕೆಲ್ ಮಾತಿಗೆ ನಿಂತರು. ತಾವು ಪೂರ್ವ ಜರ್ಮನಿಯಲ್ಲಿ ಬೆಳೆದವರೆಂಬುದನ್ನು ಅಷ್ಟು ವರ್ಷ ಅವರು ಹೆಚ್ಚು ಎತ್ತಿ ಆಡಿದವರಲ್ಲ. ಅಂದು ಆಡಿದರು. ಅವರ ಪಕ್ಷಕ್ಕೇ ಹತ್ತಿರವಾದ ಪ್ರತಿಷ್ಠಾನವೊಂದು ಹೊರತಂದ ಗ್ರಂಥದಲ್ಲಿ, ಮರ್ಕೆಲ್ ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ಪೂರ್ವ ಜರ್ಮನಿಯ ಬದುಕಿನ ಹೊರೆ ಹೊತ್ತುಕೊಂಡೇ ಪಕ್ಷಕ್ಕೆ ಬಂದರು ಎಂದು ಒಬ್ಬರು ಬರೆದಿದ್ದರು. ಮರ್ಕೆಲ್ ಹುಟ್ಟಿನಿಂದ ಈ ಗಣರಾಜ್ಯದವರಲ್ಲ, ಕಲಿತು ಆದವರು ಎಂಬ ಅರ್ಥದಲ್ಲಿ ಪತ್ರಕರ್ತರೊಬ್ಬರು ಬರೆದಿದ್ದರು. ಎರಡನ್ನೂ ಸಭೆಯ ಮುಂದಿಟ್ಟು ಮರ್ಕೆಲ್ ಕೇಳಿದರು: ಹಾಗಾದರೆ ಈ ದೇಶದಲ್ಲಿ ಎರಡು ಬಗೆಯ ಪ್ರಜೆಗಳಿದ್ದಾರೆಯೇ? ಅಸಲಿಯವರು ಒಂದು ಬಗೆ, ತಾವೂ ಇಲ್ಲಿಯವರೇ ಎಂದು ದಿನಬೆಳಗಾದರೆ ಸಾಬೀತು ಮಾಡಬೇಕಾದವರು ಇನ್ನೊಂದು ಬಗೆಯೇ?

ಎರಡು ತಿಂಗಳ ನಂತರ ಸೇನೆ ಅವರಿಗೆ ಬೀಳ್ಕೊಡುಗೆಯ ಗೌರವ ಸಲ್ಲಿಸಿತು. ಬ್ಯಾಂಡ್ ನುಡಿಸಬೇಕಾದ ಹಾಡುಗಳನ್ನು ನಿರ್ಗಮಿಸುವವರೇ ಆರಿಸುವುದು ಅಲ್ಲಿನ ಪದ್ಧತಿ. ಮರ್ಕೆಲ್ ಆರಿಸಿದ ಮೂರರಲ್ಲಿ ಒಂದು, ನೀನಾ ಹಾಗೆನ್ 1974ರಲ್ಲಿ ಪೂರ್ವ ಜರ್ಮನಿಯಲ್ಲಿ ಹಾಡಿ ಮನೆಮಾತಾಗಿದ್ದ ಪಾಪ್ ಗೀತೆ. ರಜೆಯ ಪ್ರವಾಸಕ್ಕೆ ಹೋಗುವಾಗ ಕಲರ್ ಫಿಲಂ ಮರೆತ ಹುಡುಗನ ಮೇಲೆ ಹುಡುಗಿಯ ಸಿಟ್ಟು ಅದರ ವಸ್ತು. ಸೇನಾ ಬ್ಯಾಂಡಿನವರು ಅದಕ್ಕೆ ಹೊಸದಾಗಿ ಸ್ವರಲಿಪಿ ಹೊಂದಿಸಿಕೊಳ್ಳಬೇಕಾಯಿತು. ಒಂದಾಗಿ ಮೂವತ್ತೊಂದು ವರ್ಷವಾದ ದೇಶದಲ್ಲಿ, ದೇಶದ ಒಂದು ಭಾಗದ ಜನರಿಗೆಲ್ಲ ಬಾಯಿಪಾಠವಿದ್ದ ಹಾಡು ಇನ್ನೊಂದು ಭಾಗದ ಎಷ್ಟೋ ಜನರಿಗೆ ಅಂದು ಮೊದಲ ಸಲ ಕಿವಿಗೆ ಬಿತ್ತು.

ರಾಜಕೀಯವಾಗಿ ಒಂದಾಗುವುದು ಬಲು ಬೇಗ ಮುಗಿದುಹೋಗಿತ್ತು. 1989ರ ನವೆಂಬರ್ 9ರ ರಾತ್ರಿ ಬರ್ಲಿನ್ ಗೋಡೆಯ ದ್ವಾರಗಳು ತೆರೆದವು. 1990ರ ಅಕ್ಟೋಬರ್ 3ಕ್ಕೆ ಪೂರ್ವ ಜರ್ಮನಿ ಎಂಬ ದೇಶವೇ ಇರಲಿಲ್ಲ. ನಡುವೆ ಹನ್ನೊಂದು ತಿಂಗಳೂ ಇಲ್ಲ. ಆ ಅವಸರದಲ್ಲಿ ಒಂದಾದ ರೀತಿಯೇ ಮುಂದಿನ ಮೂರು ದಶಕಗಳ ಸಾಂಸ್ಕೃತಿಕ ಬಿಕ್ಕಟ್ಟಿಗೆ ಮೂಲ ಎಂಬುದು ನನ್ನ ನಂಬಿಕೆ.

ಪಶ್ಚಿಮ ಜರ್ಮನಿಯ ಸಂವಿಧಾನದಲ್ಲಿ ಒಂದಾಗಲು ಎರಡು ದಾರಿಗಳಿದ್ದವು. 146ನೇ ವಿಧಿಯ ಪ್ರಕಾರ ಎರಡೂ ಕಡೆಯ ಜನ ಕೂಡಿ ಹೊಸ ಸಂವಿಧಾನವೊಂದನ್ನು ಒಪ್ಪಿಕೊಳ್ಳಬಹುದಿತ್ತು. 23ನೇ ವಿಧಿಯ ಪ್ರಕಾರ ಹೊರಗಿನ ಪ್ರದೇಶವೊಂದು ಇದ್ದ ವ್ಯವಸ್ಥೆಗೇ ಬಂದು ಸೇರಿಕೊಳ್ಳಬಹುದಿತ್ತು. 1957ರಲ್ಲಿ ಪುಟ್ಟ ಸಾರ್‌ಲ್ಯಾಂಡ್ ಸೇರಿದ್ದು ಹಾಗೆ. 1 ಕೋಟಿ 60 ಲಕ್ಷ ಜನರ ಪೂರ್ವ ಜರ್ಮನಿಯೂ ಅದೇ ದಾರಿ ಹಿಡಿಯಿತು. ಇದನ್ನು ಪಶ್ಚಿಮದ ಹುನ್ನಾರ ಎಂದು ಹೇಳಿಬಿಟ್ಟರೆ ಅನ್ಯಾಯವಾಗುತ್ತದೆ. 1990ರ ಮಾರ್ಚ್ 18ರಂದು ಪೂರ್ವದವರು ಮೊದಲ ಬಾರಿಗೆ ಮುಕ್ತವಾಗಿ ಮತ ಹಾಕಿದಾಗ ಗೆದ್ದದ್ದು ಬೇಗ ಸೇರೋಣ ಎಂದ ಮೈತ್ರಿಕೂಟವೇ. ಜನವರಿಯಲ್ಲಿ ದಿನಕ್ಕೆ ಎರಡು ಸಾವಿರದಷ್ಟು ಜನ ಗಂಟುಮೂಟೆ ಕಟ್ಟಿ ಪಶ್ಚಿಮಕ್ಕೆ ಹೊರಟಿದ್ದರು. ಹೊಸ ಸಂವಿಧಾನ ಬರೆಯುತ್ತ ಕೂರುವ ವ್ಯವಧಾನ ಯಾರಿಗೂ ಇರಲಿಲ್ಲ. ಆದರೆ ಆ ಆಯ್ಕೆಯ ಪರಿಣಾಮ ಮಾತ್ರ ಒಂದೇ ಕಡೆಯವರ ಮೇಲೆ ಬಿತ್ತು. ಏಕೀಕರಣವನ್ನು ಮದುವೆ ಎಂದು ಬಣ್ಣಿಸಿದವರೇ ಹೆಚ್ಚು. ಮದುವೆಯೇ ಸರಿ. ಬಂದ ಸೊಸೆ ತವರಿನದೆಲ್ಲವನ್ನೂ ಹೊಸಿಲಾಚೆ ಬಿಟ್ಟು ಒಳಗೆ ಬರಬೇಕಿತ್ತು, ಮನೆಯವರು ಒಂದು ಪಾತ್ರೆಯನ್ನೂ ಅತ್ತಿತ್ತ ಸರಿಸಬೇಕಿರಲಿಲ್ಲ.

ಪೂರ್ವದವರು ಒಂದೆರಡು ವರ್ಷದಲ್ಲಿ ಏನೆಲ್ಲ ಹೊಸದಾಗಿ ಕಲಿಯಬೇಕಾಯಿತು ಎಂದು ಯೋಚಿಸಿ. ವಿಮೆ, ತೆರಿಗೆ ವಿವರಪಟ್ಟಿ, ಬಾಡಿಗೆ ಕರಾರು, ನಿರುದ್ಯೋಗ ಭತ್ಯೆಯ ಅರ್ಜಿ, ಶಾಲೆಯ ಪಠ್ಯ, ನ್ಯಾಯಾಲಯದ ಕ್ರಮ, ಬೀದಿಯ ಹೆಸರು, ಅಂಗಡಿಯಲ್ಲಿನ ಸೋಪಿನ ಹೆಸರು. ಕಾರ್ಲ್ ಮಾರ್ಕ್ಸ್ ಷ್ಟಾಟ್ ಎಂಬ ನಗರದ ಜನ ಮತ ಹಾಕಿ ಕೆಮ್ನಿಟ್ಸ್ ಎಂಬ ಹಳೆಯ ಹೆಸರನ್ನು ಮರಳಿ ತಂದರು. ಮಾರ್ಕ್ಸನ ಏಳು ಮೀಟರ್ ಎತ್ತರದ ತಲೆಯ ಶಿಲ್ಪವನ್ನು ಮಾತ್ರ ಅಲ್ಲೇ ಉಳಿಸಿಕೊಂಡರು. ಇತ್ತ ಪಶ್ಚಿಮದ ಮ್ಯೂನಿಕ್‌ನಲ್ಲೋ ಕಲೋನ್‌ನಲ್ಲೋ ಇದ್ದ ಒಂದು ಸಂಸಾರಕ್ಕೆ 1990 ಮತ್ತು 1991ರ ನಡುವೆ ಬದಲಾದದ್ದು ಪಿನ್‌ಕೋಡ್ ಕೂಡ ಅಲ್ಲ. ಅದು ಬದಲಾದದ್ದು 1993ರಲ್ಲಿ.

1990ರ ಜುಲೈ 1, ಭಾನುವಾರ, ಪೂರ್ವಕ್ಕೆ ಪಶ್ಚಿಮದ ಹಣವಾದ ಡಾಯ್ಚ್ ಮಾರ್ಕ್ ಬಂತು. ಪೂರ್ವ ಬರ್ಲಿನ್ನಿನ ಅಲೆಕ್ಸಾಂಡರ್ ಚೌಕದಲ್ಲಿ ಪಶ್ಚಿಮದ ಬ್ಯಾಂಕೊಂದು ಮಧ್ಯರಾತ್ರಿಗೇ ಬಾಗಿಲು ತೆರೆದಾಗ ನೂಕುನುಗ್ಗಲಿಗೆ ಗಾಜು ಒಡೆಯಿತು. ಸಂಬಳ, ಪಿಂಚಣಿಗಳಲ್ಲಿ ಪೂರ್ವದ ಹಳೆಯ ಒಂದು ಮಾರ್ಕ್‌ಗೆ ಹೊಸದೊಂದು. ಉಳಿತಾಯದಲ್ಲಿ ದುಡಿಯುವ ವಯಸ್ಸಿನವರಿಗೆ 4,000 ಮಾರ್ಕ್‌ವರೆಗೆ ಒಂದಕ್ಕೆ ಒಂದು, ಅದಕ್ಕೆ ಮೇಲ್ಪಟ್ಟದ್ದಕ್ಕೆ ಎರಡಕ್ಕೆ ಒಂದು. ಸೋಮವಾರ ಅಂಗಡಿಗೆ ಹೋದವರಿಗೆ ಕಂಡದ್ದು ಬೇರೆಯೇ ಲೋಕ. ಶನಿವಾರ ಇದ್ದ ಊರಿನ ಬೆಣ್ಣೆ, ಊರಿನ ಜಾಮ್ ಮಾಯವಾಗಿ, ಎಲ್ಲ ಕಪಾಟುಗಳಲ್ಲೂ ಪಶ್ಚಿಮದ ಪೊಟ್ಟಣಗಳು ಕೂತಿದ್ದವು. ಜನ ಮುಗಿಬಿದ್ದು ಕೊಂಡರು. ಟಿವಿಯ ಜಾಹೀರಾತಿನಲ್ಲಿ ವರ್ಷಗಟ್ಟಲೆ ನೋಡಿದ್ದನ್ನು ಕೊಳ್ಳುವ ಆಸೆ ಯಾರಿಗಿರುವುದಿಲ್ಲ? ಆದರೆ ಹಾಗೆ ಕೊಂಡ ಕೈಗಳೇ ತಮ್ಮ ಕಾರ್ಖಾನೆಗಳ ಸರಕನ್ನು ಬದಿಗೆ ತಳ್ಳಿದ್ದವು. ಹೊಸ ದುಡ್ಡಿನಲ್ಲಿ ಸಂಬಳ ಕೊಡಬೇಕಾದ ಆ ಕಾರ್ಖಾನೆಗಳಿಗೆ ಪೂರ್ವ ಯುರೋಪಿನ ಹಳೆಯ ಗಿರಾಕಿಗಳೂ ಕೈತಪ್ಪಿದರು.

ಆ ಕಾರ್ಖಾನೆಗಳನ್ನು ಮಾರುವ ಕೆಲಸ ಟ್ರಾಯ್‌ಹಾಂಡ್ ಎಂಬ ಸಂಸ್ಥೆಯ ಪಾಲಿಗೆ ಬಂತು. ಸುಮಾರು 8,500 ಉದ್ಯಮಗಳು, ಅವುಗಳಲ್ಲಿ 40 ಲಕ್ಷ ದುಡಿಯುವ ಕೈಗಳು. 1994ರ ಕೊನೆಗೆ ಸಂಸ್ಥೆ ಬಾಗಿಲು ಮುಚ್ಚುವ ಹೊತ್ತಿಗೆ ಬಹುಪಾಲು ಉದ್ಯಮಗಳು ಪಶ್ಚಿಮದವರಿಗೆ ಮಾರಾಟವಾಗಿದ್ದವು ಇಲ್ಲವೇ ಮುಚ್ಚಿದ್ದವು. ತೂರಿಂಗಿಯಾದ ಬಿಷೊಫರೋಡೆ ಎಂಬ ಹಳ್ಳಿಯ ಪೊಟ್ಯಾಷ್ ಗಣಿಯ ಕಥೆಯನ್ನು ಪೂರ್ವದವರು ಇಂದಿಗೂ ಮರೆತಿಲ್ಲ. ಅಲ್ಲಿನ ಗೊಬ್ಬರದ ಉಪ್ಪಿಗೆ ಹೊರದೇಶದಲ್ಲೂ ಗಿರಾಕಿಗಳಿದ್ದರು. ಆದರೂ ಪಶ್ಚಿಮದ ಕಂಪನಿಯೊಂದಿಗಿನ ವಿಲೀನದಲ್ಲಿ ಅದನ್ನು ಮುಚ್ಚುವುದೆಂದಾಯಿತು. 1993ರ ಬೇಸಿಗೆಯಲ್ಲಿ ಗಣಿಕಾರ್ಮಿಕರು ಉಪವಾಸ ಕೂತರು. ಚರ್ಚಿನವರು, ಅಕ್ಕಪಕ್ಕದ ಊರಿನವರು ಬಂದು ಜೊತೆಗೆ ನಿಂತರು. ಆ ವರ್ಷದ ಕೊನೆಯ ದಿನ ಗಣಿ ಮುಚ್ಚಿತು. ಪೂರ್ವದ ಕಾರ್ಖಾನೆಗಳಲ್ಲಿ ಹಲವು ನಿಜಕ್ಕೂ ಹಳತಾಗಿದ್ದವು, ನದಿಗಳನ್ನು ವಿಷ ಮಾಡಿದ್ದವು. ಅವನ್ನು ಉಳಿಸುವ ದಾರಿ ಇರಲಿಲ್ಲ. ಆದರೆ ಪೂರ್ವ ಜರ್ಮನಿಯಲ್ಲಿ ಕಾರ್ಖಾನೆ ಸಂಬಳದ ಜಾಗವಷ್ಟೇ ಆಗಿರಲಿಲ್ಲ. ಮಕ್ಕಳ ಕ್ರೆಶ್, ಕ್ಲಿನಿಕ್, ರಜಾಗೃಹ, ಹಾಡುಗಾರರ ತಂಡ, ಫುಟ್‌ಬಾಲ್ ತಂಡ, ಎಲ್ಲವೂ ಅದರ ಸುತ್ತಲೇ ಇದ್ದವು. ಗೇಟಿಗೆ ಬೀಗ ಬಿದ್ದಾಗ ಇವೂ ಹೋದವು. ಸಂಸ್ಕೃತಿ ಎಂದರೆ ನಾಟಕ, ಸಂಗೀತ ಎಂದಷ್ಟೇ ತಿಳಿದವರಿಗೆ ಈ ನಷ್ಟ ಲೆಕ್ಕಕ್ಕೆ ಸಿಗುವುದಿಲ್ಲ. ಆ ವರ್ಷಗಳ ಗಾಬರಿ ಎಷ್ಟಿತ್ತೆಂದರೆ, 1994ರಲ್ಲಿ ಪೂರ್ವದ ಜನನ ಪ್ರಮಾಣ ಒಬ್ಬ ಹೆಣ್ಣಿಗೆ 0.77 ಮಗುವಿಗೆ ಇಳಿಯಿತು. ಶಾಂತಿಕಾಲದಲ್ಲಿ ಇಂಥದ್ದು ಎಲ್ಲೂ ಸಾಮಾನ್ಯವಲ್ಲ.

ಪೂರ್ವದಲ್ಲಿ ಖಾಲಿಯಾದ ಉನ್ನತ ಕುರ್ಚಿಗಳಿಗೆ ಪಶ್ಚಿಮದಿಂದ ನ್ಯಾಯಾಧೀಶರು, ಪ್ರಾಧ್ಯಾಪಕರು, ಅಧಿಕಾರಿಗಳು ಬಂದರು. ಹಾಗೆ ಬಂದವರಿಗೆ ಸಿಗುತ್ತಿದ್ದ ವಿಶೇಷ ಭತ್ಯೆಗೆ ಜನ 'ಕಾಡುಭತ್ಯೆ' ಎಂಬ ಹೆಸರಿಟ್ಟರು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಪಡೆಯಾದ ಸ್ಟಾಜಿಯ ಗೂಢಚಾರರಾಗಿದ್ದವರನ್ನು ಹೊರಗಿಡಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷ ಕಳೆದ ಮೇಲೂ, ಜನಸಂಖ್ಯೆಯ ಐದನೇ ಒಂದು ಭಾಗದಷ್ಟಿರುವ ಪೂರ್ವದವರು ದೇಶದ ಉನ್ನತ ಹುದ್ದೆಗಳಲ್ಲಿ ಸುಮಾರು ಎಂಟನೇ ಒಂದು ಭಾಗದಷ್ಟೇ ಇದ್ದಾರೆ. ಮರ್ಕೆಲ್, ಅಧ್ಯಕ್ಷರಾಗಿದ್ದ ಯೋಆಖಿಮ್ ಗೌಕ್ ಇವರ ಎತ್ತರ ಕಂಡವರಿಗೆ ಈ ಕೊರತೆ ಕಾಣುವುದಿಲ್ಲ.

ಕಟ್ಟಡಗಳ ವಿಷಯಕ್ಕೆ ಬಂದರೆ ಬರ್ಲಿನ್ನಿನ 'ಗಣರಾಜ್ಯದ ಅರಮನೆ'ಯಷ್ಟು ನೋವಿನ ಉದಾಹರಣೆ ಇನ್ನೊಂದಿಲ್ಲ. ಆ ಜಾಗದಲ್ಲಿ ಮೊದಲಿದ್ದದ್ದು ರಾಜರ ಅರಮನೆ. ಯುದ್ಧದಲ್ಲಿ ಜಖಂಗೊಂಡಿದ್ದ ಅದನ್ನು ಪೂರ್ವ ಜರ್ಮನಿಯ ಸರ್ಕಾರ 1950ರಲ್ಲಿ ಸಿಡಿಸಿ ಕೆಡವಿತು. 1976ರಲ್ಲಿ ಅಲ್ಲಿ ಕಂಚಿನ ಬಣ್ಣದ ಗಾಜಿನ ಹೊಸ ಕಟ್ಟಡ ಎದ್ದಿತು. ಸಂಸತ್ತಿನ ಸಭಾಂಗಣ ಅದರ ಒಂದು ಮೂಲೆ ಮಾತ್ರ. ಉಳಿದದ್ದೆಲ್ಲ ಜನರದು: ಹೋಟೆಲುಗಳು, ಬೌಲಿಂಗ್ ಆಟದ ಅಂಕಣ, ರಂಗಮಂದಿರ, ಸಂಗೀತದ ದೊಡ್ಡ ಸಭಾಂಗಣ. ಎಷ್ಟೋ ಜನ ಅಲ್ಲಿ ಮದುವೆಯ ಊಟ ಹಾಕಿಸಿದ್ದರು. ಪಶ್ಚಿಮಕ್ಕೆ ಸೇರುವ ತೀರ್ಮಾನವನ್ನು ಪೂರ್ವದ ಸಂಸತ್ತು 1990ರ ಆಗಸ್ಟ್ 23ರಂದು ತೆಗೆದುಕೊಂಡದ್ದೂ ಆ ಕಟ್ಟಡದಲ್ಲೇ. ಮುಂದಿನ ತಿಂಗಳೇ ಕಲ್ನಾರಿನ ಅಪಾಯವಿದೆಯೆಂದು ಅದಕ್ಕೆ ಬೀಗ ಹಾಕಲಾಯಿತು. ಕಲ್ನಾರನ್ನು ತೆಗೆದು ಶುಚಿ ಮಾಡಿದ ಮೇಲೂ ಕಟ್ಟಡ ಉಳಿಯಲಿಲ್ಲ. 2006ರಿಂದ 2008ರವರೆಗೆ ಅದನ್ನು ಕೆಡವಿ, ಹಳೆಯ ರಾಜರ ಅರಮನೆಯ ಮುಖವನ್ನೇ ಮತ್ತೆ ಕಟ್ಟಿದರು. ಈಗ ಅದು ಹುಂಬೋಲ್ಟ್ ಫೋರಂ ಎಂಬ ವಸ್ತುಸಂಗ್ರಹಾಲಯ. ಪಶ್ಚಿಮ ಬರ್ಲಿನ್ನಿನಲ್ಲಿ ಅದೇ ದಶಕದಲ್ಲಿ ಎದ್ದ ಭಾರಿ ಸಮ್ಮೇಳನ ಭವನದಲ್ಲೂ ಕಲ್ನಾರು ಇದೆ. ಅದನ್ನು ಕೆಡವಲಿಲ್ಲ, 2019ರಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸಿದರು. ಪೂರ್ವ ಬರ್ಲಿನ್ನಿನವರು ಈ ಎರಡು ಕಟ್ಟಡಗಳನ್ನು ಜೋಡಿಸಿ ಮಾತಾಡುವುದರಲ್ಲಿ ಅರ್ಥವಿದೆ. ತಾವು ಕುಣಿದ, ಉಂಡ ಜಾಗವನ್ನು ಸರ್ವಾಧಿಕಾರದ ಗುರುತೆಂದಷ್ಟೇ ನೋಡಿ ಅಳಿಸಿದಾಗ, ಅಲ್ಲಿ ಕಳೆದ ಆಯುಷ್ಯಕ್ಕೂ ಬೆಲೆ ಇಲ್ಲವೆಂದು ಯಾರಿಗಾದರೂ ಅನ್ನಿಸುತ್ತದೆ.

ಪೂರ್ವದ ಬದುಕನ್ನು ಯಾರ ಕಣ್ಣಿನಿಂದ ನೋಡುವುದು ಎಂಬ ಪ್ರಶ್ನೆ ಸಿನಿಮಾಗಳಲ್ಲೂ ಇದೆ. ಪೂರ್ವ ಜರ್ಮನಿಯನ್ನು ಜಗತ್ತಿಗೆ ತೋರಿಸಿದ ಎರಡು ಪ್ರಸಿದ್ಧ ಚಿತ್ರಗಳು 2003ರ 'ಗುಡ್ ಬೈ, ಲೆನಿನ್!' ಮತ್ತು 2006ರ 'ಇತರರ ಬದುಕು'. ಎರಡನೆಯದಕ್ಕೆ ಆಸ್ಕರ್ ಕೂಡ ಬಂತು. ಎರಡರ ನಿರ್ದೇಶಕರೂ ಪಶ್ಚಿಮದವರು. ಒಳ್ಳೆಯ ಚಿತ್ರಗಳೇ, ಆದರೂ ಪೂರ್ವದವರು ಅವುಗಳಲ್ಲಿ ತಮ್ಮನ್ನು ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳಬೇಕಾಯಿತು. ಗೆರಾದಲ್ಲಿ ಹುಟ್ಟಿದ ಆಂಡ್ರಿಯಾಸ್ ಡ್ರೆಸೆನ್ 2018ರಲ್ಲಿ ಮಾಡಿದ 'ಗುಂಡರ್‌ಮನ್' ನನಗೆ ಇವೆರಡಕ್ಕಿಂತ ಹೆಚ್ಚು ಸತ್ಯವೆನಿಸುತ್ತದೆ. ಗೆರ್‌ಹಾರ್ಡ್ ಗುಂಡರ್‌ಮನ್ ನಿಜವಾಗಿ ಬದುಕಿದ್ದ ಮನುಷ್ಯ. ಲೌಜಿಟ್ಸ್ ಪ್ರದೇಶದ ಕಲ್ಲಿದ್ದಲ ಗಣಿಯಲ್ಲಿ ಮಣ್ಣು ಅಗೆಯುವ ದೈತ್ಯ ಯಂತ್ರ ನಡೆಸುತ್ತಿದ್ದ, ಪಾಳಿ ಮುಗಿಸಿ ವೇದಿಕೆಗೆ ಬಂದು ತನ್ನದೇ ಹಾಡುಗಳನ್ನು ಹಾಡುತ್ತಿದ್ದ. ಸ್ಟಾಜಿಗೆ ಗುಟ್ಟಾಗಿ ವರದಿ ಕೊಡುತ್ತಿದ್ದವನೂ ಅವನೇ, ಮುಂದೆ ಅದೇ ಸ್ಟಾಜಿಯ ಕಣ್ಗಾವಲಿಗೆ ಸಿಕ್ಕವನೂ ಅವನೇ. ತಪ್ಪಿತಸ್ಥ, ಸಂತ್ರಸ್ತ ಎಂಬ ಎರಡೇ ಡಬ್ಬಿಗಳಲ್ಲಿ ಹಾಕಿಡಲಾಗದ ಬದುಕು. ಪೂರ್ವದ ಹೆಚ್ಚಿನವರು ಗೂಢಚಾರರೂ ಅಲ್ಲ, ಬಂಡಾಯಗಾರರೂ ಅಲ್ಲ. ಕೆಲಸ, ಸಂಸಾರ, ರಜೆಯ ಸಮುದ್ರ ಎಂದು ಬದುಕಿದವರು. ಅವರ ಕಥೆ ಕೇಳಿಸಿಕೊಳ್ಳುವ ಸಹನೆ ದೇಶಕ್ಕೆ ಬಹುಕಾಲ ಇರಲಿಲ್ಲ. ಪೂರ್ವ ಬರ್ಲಿನ್ನಿನ ಲೇಖಕಿ ಜೆನ್ನಿ ಎರ್ಪೆನ್‌ಬೆಕ್ ಅವರ 'ಕೈರೋಸ್' ಗೋಡೆ ಬೀಳುವ ಹೊತ್ತಿನ ಪ್ರೇಮವೊಂದರ ಕಾದಂಬರಿ. ಅದಕ್ಕೆ 2024ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂತು. ಮರುವರ್ಷ ಅದೇ ಪ್ರಶಸ್ತಿ ಬಾನು ಮುಷ್ತಾಕರ ಕಥೆಗಳಿಗೆ ಬಂದುದರಿಂದ ಆ ಹೆಸರು ನಮ್ಮ ಓದುಗರ ಕಿವಿಗೂ ಬಿದ್ದಿರಬಹುದು.

ಅಳಿಸಹೊರಟದ್ದರಲ್ಲಿ ಉಳಿದುಕೊಂಡದ್ದೂ ಇದೆ. ಅಂಥದ್ದೊಂದು ಬೀದಿ ದಾಟುವ ದೀಪದೊಳಗಿನ ಟೊಪ್ಪಿಯ ಮನುಷ್ಯ. 1961ರಲ್ಲಿ ಕಾರ್ಲ್ ಪೆಗ್ಲೌ ಎಂಬ ಸಂಚಾರ ಮನಶ್ಶಾಸ್ತ್ರಜ್ಞ ರೂಪಿಸಿದ ಈ ಗುಂಡುಗುಂಡು ಆಕೃತಿ ಪೂರ್ವದ ಸಿಗ್ನಲ್ಲುಗಳಲ್ಲಿತ್ತು. ಏಕೀಕರಣದ ನಂತರ ಅದನ್ನೂ ತೆಗೆದು ಪಶ್ಚಿಮದ ಸಪ್ಪೆ ಆಕೃತಿ ಹಾಕತೊಡಗಿದರು. ತೆಗೆದ ದೀಪಗಳಿಂದಲೇ ಮನೆಯ ದೀಪ ಮಾಡಿ ಅದರತ್ತ ಜನರ ಕಣ್ಣು ಸೆಳೆದವರು ಟ್ಯೂಬಿಂಗೆನ್ ಕಡೆಯ ವಿನ್ಯಾಸಕಾರ ಮಾರ್ಕುಸ್ ಹೆಕ್‌ಹೌಸೆನ್. ನಮ್ಮ ಕಿಟ್ಟೆಲ್ಲರು ಕೊನೆಯುಸಿರೆಳೆದ ಊರು ಅದು, ಪಶ್ಚಿಮದ್ದು. ಜನ ಚಳವಳಿಯನ್ನೇ ಮಾಡಿ ಆ ಆಕೃತಿಯನ್ನು ಉಳಿಸಿಕೊಂಡರು. ಇಂದು ಬರ್ಲಿನ್ನಿನ ಪಶ್ಚಿಮ ಭಾಗದ ಸಿಗ್ನಲ್ಲುಗಳಲ್ಲೂ ಅದೇ ನಿಂತಿದೆ. ಇಂಥ ಉಳಿವುಗಳನ್ನೆಲ್ಲ ಹಳೆಯ ಸರ್ವಾಧಿಕಾರದ ಹಂಬಲ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫ್ರೈಬುರ್ಗ್ ಎಂಬ ಪುಟ್ಟ ಊರಿನ ರೋಟ್‌ಕೆಪ್‌ಹೆನ್ ವೈನ್ ಕಾರ್ಖಾನೆಯ ಮಾರಾಟ 1990ರ ನಂತರ ಪಾತಾಳಕ್ಕಿಳಿದಿತ್ತು. ಅಲ್ಲಿಯೇ ದುಡಿಯುತ್ತಿದ್ದ ಕೆಲವರು 1993ರಲ್ಲಿ ಅದನ್ನು ಕೊಂಡುಕೊಂಡರು, 2002ರ ಹೊತ್ತಿಗೆ ಪಶ್ಚಿಮದ ಹೆಸರಾಂತ ಮುಮ್ ಬ್ರ್ಯಾಂಡನ್ನೇ ಖರೀದಿಸಿದರು. ಊರಿನವರು ಆ ಬಾಟಲಿ ತೆರೆಯುವಾಗ ಹಳೆಯ ಸರ್ಕಾರವನ್ನು ನೆನೆಯುತ್ತಾರೆಂದು ನನಗನ್ನಿಸುವುದಿಲ್ಲ.

ಎಲ್ಲಕ್ಕಿಂತ ಆಳವಾದ ವ್ಯತ್ಯಾಸವಿದ್ದದ್ದು, ಮತ್ತು ಎಲ್ಲಕ್ಕಿಂತ ದೊಡ್ಡ ಬೆರೆಯುವಿಕೆ ನಡೆದದ್ದು, ಮನೆಯೊಳಗೆ. ಪೂರ್ವ ಜರ್ಮನಿಯಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದರು. ಕಾರ್ಮಿಕರ ಕೊರತೆ ಅದಕ್ಕೆ ಒಂದು ಕಾರಣ, ತತ್ವ ಇನ್ನೊಂದು. ವರ್ಷ ತುಂಬಿದ ಮಗುವಿಗೆ ಕ್ರೆಶ್‌ನಲ್ಲಿ ಜಾಗ ಬಹುಮಟ್ಟಿಗೆ ಖಚಿತ. ಮನೆಗೆಲಸಕ್ಕೆಂದು ತಿಂಗಳಿಗೊಂದು ದಿನ ಸಂಬಳ ಸಹಿತ ರಜೆಯೂ ಇತ್ತು. ಮನೆಗೆಲಸ ಹೆಂಗಸಿನದೇ ಎಂಬ ಎಣಿಕೆ ಅಲ್ಲೂ ಹೋಗಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಪಶ್ಚಿಮದಲ್ಲಿ 1977ರವರೆಗೂ ಕಾನೂನು ಬೇರೆಯೇ ಇತ್ತು: ಸಂಸಾರದ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಕೆಲಸಕ್ಕೆ ಹೋಗಬಹುದು. ಪುಟ್ಟ ಮಗುವನ್ನು ಕ್ರೆಶ್‌ಗೆ ಬಿಡುವ ತಾಯಿಯನ್ನು ಅಲ್ಲಿ ಕೆಟ್ಟ ತಾಯಿ ಎಂದೇ ಆಡಿಕೊಳ್ಳುತ್ತಿದ್ದರು. ಏಕೀಕರಣದ ಒಪ್ಪಂದದ ಹೊತ್ತಿಗೆ ಗರ್ಭಪಾತದ ಕಾನೂನಿನಲ್ಲಿ ಎರಡೂ ಕಡೆಯವರಿಗೆ ಒಮ್ಮತವೇ ಆಗಲಿಲ್ಲ. 1972ರಿಂದ ಪೂರ್ವದ ಹೆಂಗಸರಿಗೆ ಮೊದಲ ಹನ್ನೆರಡು ವಾರ ತಮ್ಮದೇ ತೀರ್ಮಾನದ ಹಕ್ಕಿತ್ತು. ಹಾಗಾಗಿ ಒಂದೇ ದೇಶದಲ್ಲಿ ಕೆಲವು ವರ್ಷ ಎರಡು ಕಾನೂನುಗಳು ನಡೆದವು. 1995ರಲ್ಲಿ ರಾಜಿಯ ಕಾನೂನು ಬಂತು.

ಈ ಒಂದು ವಿಷಯದಲ್ಲಿ ನಿಧಾನವಾಗಿ ಬದಲಾದದ್ದು ಪಶ್ಚಿಮ. 2013ರ ಆಗಸ್ಟ್ 1ರಿಂದ ಇಡೀ ದೇಶದಲ್ಲಿ ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುಪಾಲನಾ ಕೇಂದ್ರದಲ್ಲಿ ಜಾಗ ಪಡೆಯುವ ಕಾನೂನುಬದ್ಧ ಹಕ್ಕು ಬಂತು. ಬವೇರಿಯಾದ ಹಳ್ಳಿಗಳಲ್ಲೂ ಕ್ರೆಶ್‌ಗಳು ಎದ್ದವು. ಇಂದಿಗೂ ಮೂರು ವರ್ಷದೊಳಗಿನ ಮಕ್ಕಳಲ್ಲಿ ಪೂರ್ವದಲ್ಲಿ ಅರ್ಧದಷ್ಟು, ಪಶ್ಚಿಮದಲ್ಲಿ ಮೂರನೇ ಒಂದರಷ್ಟು ಕೇಂದ್ರಗಳಿಗೆ ಹೋಗುತ್ತಾರೆ. ಗಂಡು ಹೆಣ್ಣಿನ ಕೂಲಿಯ ಅಂತರವೂ ಪೂರ್ವದಲ್ಲೇ ಬಹಳ ಕಡಿಮೆ. ಒಂದೇ ಸೂರಿನಡಿ ಹಲವು ವೈದ್ಯರು ಸಂಬಳಕ್ಕೆ ದುಡಿಯುವ ಪಾಲಿಕ್ಲಿನಿಕ್‌ಗಳನ್ನು 1990ರ ನಂತರ ಹಳತೆಂದು ಮುಚ್ಚಿದ್ದರು. 2004ರ ಆರೋಗ್ಯ ಸುಧಾರಣೆಯಲ್ಲಿ ಅದೇ ಬಗೆಯ ಕೇಂದ್ರಗಳು ಬೇರೆ ಹೆಸರಿನಲ್ಲಿ ಮರಳಿದವು. ಕೆಂಪು ದೀಪವಿದ್ದರೂ ನೋಡಿಕೊಂಡು ಬಲಕ್ಕೆ ತಿರುಗಲು ಬಿಡುವ ಪೂರ್ವದ ಹಸಿರು ಬಾಣದ ಫಲಕ 1994ರಲ್ಲೇ ಇಡೀ ದೇಶದ ನಿಯಮಕ್ಕೆ ಸೇರಿತು. ನನ್ನನ್ನು ಕಾಡುವುದು ಇಷ್ಟೇ: ಪೂರ್ವದಿಂದ ಪಡೆದದ್ದನ್ನು ಪಡೆದೆವು ಎಂದು ಪಶ್ಚಿಮ ಎಲ್ಲೂ ಗಟ್ಟಿಯಾಗಿ ಹೇಳಲಿಲ್ಲ. ಕ್ರೆಶ್ ವಿಚಾರದಲ್ಲಿ ಸ್ಕ್ಯಾಂಡಿನೇವಿಯಾದ ಉದಾಹರಣೆ ಕೊಟ್ಟವರು ಎಷ್ಟೋ ಜನ. ತಮ್ಮದೇ ದೇಶದ ಡ್ರೆಸ್ಡನ್ನಿನ ತಾಯಂದಿರ ಅನುಭವ ಕೇಳಿದವರು ಕಡಿಮೆ.

ಜರ್ಮನರು ಒಂದಾಗುವ ಮಾತಿನಲ್ಲಿ ಎಣಿಕೆಗೇ ಬಾರದೆ ಹೋದವರೂ ಇದ್ದರು. ಪೂರ್ವ ಜರ್ಮನಿಯ ಕಾರ್ಖಾನೆಗಳಲ್ಲಿ ಸುಮಾರು 60,000 ವಿಯೆಟ್ನಾಮೀಯರು ಗುತ್ತಿಗೆ ಕಾರ್ಮಿಕರಾಗಿದ್ದರು. ಪಶ್ಚಿಮದಲ್ಲಿ ಎರಡು ತಲೆಮಾರಿನ ತುರ್ಕಿ ಕುಟುಂಬಗಳಿದ್ದವು. ಕಾರ್ಖಾನೆ ಮುಚ್ಚಿದಾಗ ಮೊದಲು ಕೆಲಸ ಹೋದದ್ದು ವಿಯೆಟ್ನಾಮೀಯರದು. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್ ನಗರದ ಲಿಖ್ಟೆನ್‌ಹಾಗೆನ್ ಬಡಾವಣೆಯಲ್ಲಿ ಅವರು ವಾಸವಿದ್ದ ಕಟ್ಟಡಕ್ಕೆ ಗುಂಪು ಬೆಂಕಿ ಇಟ್ಟಿತು. ಒಳಗೆ ನೂರಕ್ಕೂ ಹೆಚ್ಚು ಜನ. ಕೆಳಗೆ ಸಾವಿರಾರು ಜನ ನಿಂತು ನೋಡಿದರು, ಹಲವರು ಚಪ್ಪಾಳೆ ತಟ್ಟಿದರು. ಒಳಗಿದ್ದವರು ಮಾಳಿಗೆ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿ ಜೀವ ಉಳಿಸಿಕೊಂಡರು. ಪಶ್ಚಿಮದ ಮೋಲ್ನ್ ಮತ್ತು ಜೋಲಿಂಗೆನ್‌ಗಳಲ್ಲಿ ಬೆಂಕಿಗೆ ತುತ್ತಾದ ತುರ್ಕಿ ಕುಟುಂಬಗಳಿಗೆ ಆ ಅದೃಷ್ಟವೂ ಇರಲಿಲ್ಲ. ಪೂರ್ವದವರ ಅವಮಾನವನ್ನು ವಿವರಿಸುವವರು ಈ ಪುಟವನ್ನು ಹಾರಿಸಿ ಮುಂದೆ ಹೋಗಬಾರದು. ಕೆಲಸ ಕಳೆದುಕೊಂಡ ನೋವು ನಿಜ, ಅದು ಪಕ್ಕದ ಮನೆಯವರಿಗೆ ಬೆಂಕಿ ಇಡಲು ಕಾರಣವಾಗದು.

ಇಂದಿನ ರಾಜಕೀಯದಲ್ಲೂ ಹಳೆಯ ಗಡಿ ಎದ್ದು ಕಾಣುತ್ತದೆ. 2025ರ ಫೆಬ್ರವರಿಯ ಚುನಾವಣೆಯಲ್ಲಿ ತೀವ್ರ ಬಲಪಂಥದ ಎಎಫ್‌ಡಿ ದೇಶದಾದ್ಯಂತ ಶೇ 20.8ರಷ್ಟು ಮತ ಪಡೆದರೆ, ಪೂರ್ವದ ಐದೂ ರಾಜ್ಯಗಳಲ್ಲಿ ಮೊದಲ ಸ್ಥಾನಕ್ಕೆ ಬಂತು. ಇದಕ್ಕೆ ವಿವರಣೆ ಕೊಡುವ ಇಬ್ಬರು ಪ್ರಾಧ್ಯಾಪಕರೂ ಪೂರ್ವದವರೇ. ಪೂರ್ವ ಎಂಬ ಚಿತ್ರವೇ ಪಶ್ಚಿಮದ ಮಾಧ್ಯಮಗಳ ಸೃಷ್ಟಿ ಎನ್ನುವುದು ಲೈಪ್ಜಿಗ್‌ನ ಡಿರ್ಕ್ ಓಶ್‌ಮನ್ ಅವರ ವಾದ. 2023ರಲ್ಲಿ ಬಂದ ಅವರ ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ರೋಸ್ಟಾಕ್‌ನ ಲ್ಯೂಟನ್ ಕ್ಲೈನ್ ಬಡಾವಣೆಯ ಕಾಂಕ್ರೀಟ್ ಮನೆಗಳಲ್ಲಿ ಬೆಳೆದ ಷ್ಟೆಫೆನ್ ಮೌ ಇನ್ನೂ ಆಳಕ್ಕೆ ಹೋಗುತ್ತಾರೆ. ಪೂರ್ವ ಎಂದಾದರೊಂದು ದಿನ ಪಶ್ಚಿಮದಂತೆಯೇ ಆಗುತ್ತದೆ ಎಂಬ ಎಣಿಕೆಯನ್ನೇ ಬಿಡಬೇಕು ಎನ್ನುತ್ತಾರೆ ಅವರು. ಆಸ್ತಿ ಕಡಿಮೆ, ಪಕ್ಷಗಳ ಬೇರು ತೆಳು, ಚರ್ಚಿನ ನಂಟು ಇಲ್ಲವೆಂಬಷ್ಟು, ವಯಸ್ಸಾದವರು ಹೆಚ್ಚು; ಆ ಸಮಾಜ ಬೇರೆಯಾಗಿಯೇ ಉಳಿಯುತ್ತದೆ. ಅಲ್ಲಿಗೆ ಒಗ್ಗುವ ಪ್ರಜಾಪ್ರಭುತ್ವದ ಬಗೆಗಳನ್ನು, ಉದಾಹರಣೆಗೆ ಚೀಟಿ ಎತ್ತಿ ಆರಿಸಿದ ನಾಗರಿಕರ ಸಭೆಗಳನ್ನು, ಪ್ರಯತ್ನಿಸಿ ನೋಡಬೇಕು ಎಂಬುದು ಅವರ ಸಲಹೆ. ನನಗೆ ಮೌ ಅವರ ಮಾತು ಹೆಚ್ಚು ಸರಿಯೆನಿಸುತ್ತದೆ. 1989ರ ಅಕ್ಟೋಬರ್ 9ರಂದು ಲೈಪ್ಜಿಗ್‌ನ ಬೀದಿಗೆ ಎಪ್ಪತ್ತು ಸಾವಿರ ಜನ ಮೇಣದಬತ್ತಿ ಹಿಡಿದು ಇಳಿದರು, ಗುಂಡು ಹಾರಬಹುದೆಂದು ಗೊತ್ತಿದ್ದೂ ಇಳಿದರು. ಪ್ರಜಾಪ್ರಭುತ್ವವನ್ನು ಇವರಿಗೆ ಯಾರೂ ದಾನವಾಗಿ ಕೊಡಲಿಲ್ಲ. ಪಶ್ಚಿಮದವರಿಗೆ ಅದು ಸೋತ ಯುದ್ಧದ ನಂತರ ಬಂತು, ಪೂರ್ವದವರು ಅದನ್ನು ತಾವಾಗಿ ಗಳಿಸಿಕೊಂಡರು.

ಮರ್ಕೆಲ್ ಮಾತಾಡಿದ ಹಾಲೆಯಲ್ಲಿ ಏಕೀಕರಣದ ಅನುಭವವನ್ನು ಅಧ್ಯಯನ ಮಾಡುವ 'ಭವಿಷ್ಯ ಕೇಂದ್ರ'ವೊಂದನ್ನು ಕಟ್ಟುವುದೆಂದು 2023ರ ಫೆಬ್ರವರಿಯಲ್ಲಿ ತೀರ್ಮಾನವಾಗಿದೆ. ಕಾರ್ಖಾನೆ ಮುಚ್ಚಿದ ಮೇಲೆ ನಲವತ್ತರ ವಯಸ್ಸಿನಲ್ಲಿ ಹೊಸ ಕಸುಬು ಕಲಿತವರ ಮಾತುಗಳು ಅಲ್ಲಿ ದಾಖಲಾಗಲಿ. ಅದರ ಜೊತೆಗೆ ಷ್ಟುಟ್‌ಗಾರ್ಟ್, ಹ್ಯಾಂಬರ್ಗ್‌ಗಳ ಸಂಸಾರಗಳನ್ನೂ ಕೂರಿಸಿ ಕೇಳಬೇಕು: 1990ರಲ್ಲಿ ನೀವೇನು ಬಿಟ್ಟುಕೊಟ್ಟಿರಿ, ಪೂರ್ವದಿಂದ ನಿಮ್ಮ ಮನೆಗೆ ಏನು ಬಂತು? ಈ ಪ್ರಶ್ನೆಯನ್ನು ಪಶ್ಚಿಮದ ಶಾಲೆಗಳ ಪಾಠದಲ್ಲೂ ಇಡುವವರೆಗೆ ಒಂದಾಗುವ ಕೆಲಸದ ಅರ್ಧ ಭಾಗ ಹಾಗೆಯೇ ಉಳಿದಿರುತ್ತದೆ.